ಡಬ್ಲಿನ್ನಿನ ಕೂಲಿಯಾಳು ಮ್ಯಾಟ್ ಟಾಲ್ಬಟ್



ಬಟವಾಡೆಯ ಸಂಜೆ ಶಹಾಬಾದಿನ ಕಲ್ಲುಗಣಿಯಿಂದಲೋ ವಾಡಿಯ ಸಿಮೆಂಟ್ ಕಾರ್ಖಾನೆಯಿಂದಲೋ ಗಂಡ ಬರುವ ದಾರಿ ಕಾಯುತ್ತಾ ಕೂರುವ ತಾಯಂದಿರು ನಮ್ಮ ಮುಧೋಳ, ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಎಷ್ಟು ಮಂದಿಯೆಂದು ನಿಮಗೆ ಗೊತ್ತೇ ಇದೆ. ಆತ ಬರುತ್ತಾನೆ, ಪಗಾರ ಬರುವುದಿಲ್ಲ. ಸಾರಾಯಿ ಮಾರಾಟವನ್ನು ಸರ್ಕಾರ 2007ರಲ್ಲಿ ನಿಲ್ಲಿಸಿತು, ಕುಡಿತ ನಿಲ್ಲಲಿಲ್ಲ. ಅಂಥ ಮನೆಯವರಿಗಾಗಿ ಇಂದು ಒಬ್ಬ ಕೂಲಿಯಾಳಿನ ಬಾಳನ್ನು ಹೇಳುತ್ತೇನೆ. ಆತ ಐರ್ಲೆಂಡ್ ದೇಶದವನು. ಆದರೆ ಆತನ ಮನೆ ನಿಮಗೆ ಅಪರಿಚಿತವೆನಿಸದು.

ಮ್ಯಾಟ್ ಟಾಲ್ಬಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ ನಗರದ ಬಡವರ ಕೇರಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಎರಡನೆಯವನು. ತಂದೆ ಬಂದರಿನ ಕೆಲಸಗಾರ, ಕುಡುಕ. ಹನ್ನೆರಡನೆಯ ವಯಸ್ಸಿಗೆ ಹುಡುಗನನ್ನು ಕೆಲಸಕ್ಕೆ ಹಾಕಿದ್ದು ಎಲ್ಲಿಗೆ ಗೊತ್ತೇ? ಮದ್ಯವನ್ನು ಬಾಟಲಿಗೆ ತುಂಬುವ ಅಂಗಡಿಗೆ! ಸ್ವಲ್ಪ ದಿನದಲ್ಲೇ ಅಮಲೇರಿಸಿಕೊಂಡು ಮನೆಗೆ ಬರತೊಡಗಿದ. ತಂದೆ ಹೊಡೆದು, ಕಣ್ಣೆದುರಿಗಿರಲೆಂದು ತಾನಿದ್ದ ಬಂದರಿನ ಉಗ್ರಾಣಕ್ಕೇ ಸೇರಿಸಿದ. ಅಲ್ಲಿ ವಿಸ್ಕಿ ಸಿಕ್ಕಿತು. ಮುಂದೆ ಗಾರೆಯವರ ಕೈಕೆಳಗೆ ಇಟ್ಟಿಗೆ ಹೊರುವ ಕೂಲಿಯಾದ. ಕೆಲಸದಲ್ಲಿ ಮೈಗಳ್ಳನಲ್ಲ, ದುಡಿದದ್ದೆಲ್ಲ ಮಾತ್ರ ಪಡಖಾನೆಗೆ. ಹಣ ಸಾಲದಾದಾಗ ಕಾಲಿನ ಬೂಟುಗಳನ್ನೂ ಮಾರಿದ. ಬೀದಿಯಲ್ಲಿ ಪಿಟೀಲು ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಡವನ ಪಿಟೀಲನ್ನು ಗೆಳೆಯರೊಂದಿಗೆ ಸೇರಿ ಕದ್ದು ಮಾರಿ ಕುಡಿದದ್ದೂ ಉಂಟು.

ಹೀಗೆ ಇಪ್ಪತ್ತೆಂಟು ವರ್ಷ ತುಂಬಿತು. 1884ರ ಒಂದು ಶನಿವಾರ. ಆ ವಾರ ಕೆಲಸವಿರಲಿಲ್ಲ, ಕೈಯಲ್ಲಿ ಕಾಸಿಲ್ಲ. ಸಂಬಳ ಪಡೆದು ಬರುವ ಗೆಳೆಯರು ಒಳಗೆ ಕರೆಯುತ್ತಾರೆಂದು ಪಡಖಾನೆಯ ಮೂಲೆಯಲ್ಲಿ ನಿಂತ. ಎಷ್ಟೋ ಸಲ ಇದೇ ಗೆಳೆಯರಿಗೆ ತನ್ನ ದುಡ್ಡಿನಲ್ಲಿ ಕುಡಿಸಿದ್ದವನು. ಒಬ್ಬೊಬ್ಬರಾಗಿ ಮುಂದೆಯೇ ಹಾದುಹೋದರು. ಯಾರೂ ಕರೆಯಲಿಲ್ಲ. ಮನೆಗೆ ಹಿಂತಿರುಗಿದಾಗ ಇಷ್ಟು ಬೇಗ, ಅಮಲಿಲ್ಲದೆ ಬಂದ ಮಗನನ್ನು ಕಂಡು ತಾಯಿ ಎಲಿಜಬೆತ್‌ಗೆ ಬೆರಗು. ಕುಡಿತ ಬಿಡುವ ಪ್ರತಿಜ್ಞೆ ಮಾಡಲು ಹೋಗುತ್ತೇನೆಂದ. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ದೇವರ ಹೆಸರಿನಲ್ಲಿ ಹೋಗೆಂದಳು ಆಕೆ. ಕ್ಲಾನ್ಲಿಫ್ ಗುರುಮಠಕ್ಕೆ ಹೋಗಿ ಪಾಪನಿವೇದನೆ ಮಾಡಿದ. ಅಲ್ಲಿಯ ಗುರುಗಳು ಅವನಿಂದ ಪ್ರತಿಜ್ಞೆ ತೆಗೆದುಕೊಂಡದ್ದು ಮೂರು ತಿಂಗಳ ಮಟ್ಟಿಗೆ.

ಈ ಮೂರು ತಿಂಗಳ ಮಾತಿನಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಗುರುವಾದ ಹೊಸದರಲ್ಲಿ ನಾನು ಶಿಲುಬೆ ಮುಟ್ಟಿಸಿ ಸಾಯುವವರೆಗೆ ಕುಡಿಯುವುದಿಲ್ಲವೆಂದು ಆಣೆ ಹಾಕಿಸುತ್ತಿದ್ದೆ. ಆಣೆ ಮುರಿದವರು ನಾಚಿಕೆಯಿಂದ ದೇವಾಲಯದ ಮೆಟ್ಟಿಲನ್ನೇ ತುಳಿಯಲಿಲ್ಲ. ಅವರನ್ನು ದೂರ ಮಾಡಿದ್ದು ಬರಿಯ ಸೇಂದಿಯಲ್ಲ, ನನ್ನ ಆಣೆಯೂ ಹೌದು. ಕ್ಲಾನ್ಲಿಫ್‌ನ ಗುರುಗಳು ಹೊರಬಹುದಾದಷ್ಟೇ ಭಾರವನ್ನು ಹೊರಿಸಿದರು. ಅದೂ ಮ್ಯಾಟ್‌ಗೆ ನರಕದಂತಾಗಿ, ಮೂರು ತಿಂಗಳು ಮುಗಿದರೆ ಮತ್ತೆ ಕುಡಿಯುತ್ತೇನೆಂದು ತಾಯಿಯ ಬಳಿ ಅಲವತ್ತುಕೊಂಡಿದ್ದ. ಮುಗಿದಾಗ ಮುಂದುವರಿಸಿದ, ಕೊನೆಗೆ ಆಯುಷ್ಯಕ್ಕೇ ಪ್ರತಿಜ್ಞೆ ಮಾಡಿದ. ಮುಂದೆ ನಲವತ್ತು ವರ್ಷ ಹನಿ ಮುಟ್ಟಲಿಲ್ಲ.

ಹೇಗೆ ಸಾಧ್ಯವಾಯಿತು? ಮೊದಲು ದಾರಿ ಬದಲಿಸಿದ. ಕೆಲಸ ಬಿಟ್ಟೊಡನೆ ಗೆಳೆಯರ ಬೀದಿಗೆ ಹೋಗದೆ ದೂರದ ದೇವಾಲಯವೊಂದರಲ್ಲಿ ಮಲಗುವ ಹೊತ್ತಿನವರೆಗೆ ಕುಳಿತಿರುತ್ತಿದ್ದ. ಒಂದು ದಿನ ಆಸೆ ತಡೆಯದೆ ಪಡಖಾನೆಯೊಳಗೆ ಹೋಗಿಯೇಬಿಟ್ಟ. ಗಿರಾಕಿಗಳ ಗದ್ದಲದಲ್ಲಿ ಮಾರುವವನು ಇವನನ್ನು ಗಮನಿಸಲಿಲ್ಲ, ಹೊರಬಂದ. ಅಂದಿನಿಂದ ಜೇಬಿನಲ್ಲಿ ಹಣವಿಟ್ಟುಕೊಳ್ಳುವುದನ್ನೇ ಬಿಟ್ಟ. ಪ್ರತಿದಿನ ನಸುಕಿನ ಬಲಿಪೂಜೆಗೆ ಹೋದ, ಹಳೆಯ ಸಾಲಗಳನ್ನು ತೀರಿಸಿದ. ಅಕ್ಷರ ಅಷ್ಟಕ್ಕಷ್ಟೇ ಬಲ್ಲವನು ಕಷ್ಟಪಟ್ಟು ಸಂತ ಅಗಸ್ಟೀನರನ್ನು ಓದಿದ. ಪಿಟೀಲಿನವನನ್ನು ವರ್ಷಗಟ್ಟಲೆ ಹುಡುಕಿದ. ಸಿಗದಾಗ ಅವನ ಆತ್ಮಕ್ಕಾಗಿ ಪೂಜೆ ಹೇಳಿಸಿದ. 1913ರ ದೊಡ್ಡ ಕಾರ್ಮಿಕ ಹೋರಾಟದ ದಿನಗಳಲ್ಲಿ ತನ್ನಲ್ಲಿದ್ದುದನ್ನು ಮಕ್ಕಳೊಂದಿಗರಾದ ಕೂಲಿಗಳಿಗೆ ಹಂಚಿದ.

ಒಂದು ಎಚ್ಚರಿಕೆ. ಮ್ಯಾಟ್ ಏಕಾಏಕಿ ಕುಡಿತ ನಿಲ್ಲಿಸಿ ಬದುಕಿಕೊಂಡ. ಎಲ್ಲರಿಗೂ ಹಾಗಾಗದು. ಬಹಳ ವರ್ಷ ವಿಪರೀತ ಕುಡಿದವನು ತಟ್ಟನೆ ಬಿಟ್ಟರೆ ಎರಡು ಮೂರು ದಿನದೊಳಗೆ ಕೈಕಾಲು ನಡುಕ, ಫಿಟ್ಸ್, ಇಲ್ಲದ್ದನ್ನು ಕಾಣುವ ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ದೆವ್ವ ಹಿಡಿಯಿತೆಂದು ನೂಲು ಕಟ್ಟಿಸಬೇಡಿ, ಪ್ರಾರ್ಥನೆಗೆಂದು ಮೊದಲು ನನ್ನ ಬಳಿಗೂ ತರಬೇಡಿ. ಆಸ್ಪತ್ರೆಗೆ ಒಯ್ಯಿರಿ, ನಾನೇ ಅಲ್ಲಿಗೆ ಬರುತ್ತೇನೆ. ಚಟವೆಂಬುದು ಮಿದುಳಿಗೂ ಮನಸ್ಸಿಗೂ ಅಂಟಿದ ಕಾಯಿಲೆ. ಎಷ್ಟೋ ಸಲ ಅದರ ಬೆನ್ನಿಗೆ ಖಿನ್ನತೆಯೂ ಇರುತ್ತದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲಿರುಳು ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಮ್ಯಾಟ್‌ಗೆ ತಾಯಿಯಿದ್ದಳು, ಗುರುಗಳಿದ್ದರು. ತನ್ನಂತೆಯೇ ಕುಡಿದು ಬಿಟ್ಟವರ ಜೊತೆ ಮಾತ್ರ ಇರಲಿಲ್ಲ. ಅಮೆರಿಕದ ಆಕ್ರನ್ ಊರಿನಲ್ಲಿ ಕುಡುಕ ದಲ್ಲಾಳಿಯೊಬ್ಬನೂ ಕುಡುಕ ವೈದ್ಯನೊಬ್ಬನೂ ಒಟ್ಟಿಗೆ ಕುಳಿತು ಮಾತನಾಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ಆರಂಭಿಸಿದ್ದು 1935ರಲ್ಲಿ, ಈತ ತೀರಿದ ಹತ್ತು ವರ್ಷಕ್ಕೆ. ಉಪದೇಶಕ್ಕೆ ಬಾಗದವನು, ಅದೇ ಕೆಸರಿನಿಂದ ಎದ್ದು ಬಂದವನ ಮುಂದೆ ಬಾಯಿ ಬಿಡುತ್ತಾನೆ. ಅಲ್ಲಿ ಪ್ರತಿಜ್ಞೆ ಒಂದೊಂದೇ ದಿನದ್ದು. ಜಾರಿದವನು ನಾಳೆ ಮತ್ತೆ ಬಂದು ಕೂರಬಹುದು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ನಮ್ಮ ಉತ್ತರ ಕರ್ನಾಟಕದಲ್ಲೇ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರಲ್ಲಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು; ಅವರ ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕುಡಿತ ಬಿಟ್ಟ ನಾಲ್ಕು ಮಂದಿ ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರು. ವಾರಕ್ಕೊಂದು ಸಂಜೆ ಅವರು ಕೂಡುವುದಾದರೆ ಉಪದೇಶ ಭಾಷಾ ತರಗತಿಯ ಕೋಣೆಯ ಬೀಗದ ಕೈ ಕೊಟ್ಟು ನಾನು ಹೊರಗಿರುತ್ತೇನೆ.

1925ರ ಜೂನ್ 7, ಪರಮ ತ್ರಿತ್ವದ ಭಾನುವಾರ. ಪೂಜೆಗೆ ಹೋಗುತ್ತಿದ್ದ ಮ್ಯಾಟ್ ಗ್ರಾನ್ಬಿ ಓಣಿಯಲ್ಲಿ ಕುಸಿದು ಪ್ರಾಣಬಿಟ್ಟ. ಆಸ್ಪತ್ರೆಯಲ್ಲಿ ಬಟ್ಟೆ ತೆಗೆದಾಗ ಮೈಮೇಲೆ ತಪಸ್ಸಿಗಾಗಿ ಧರಿಸಿದ ಸರಪಳಿಗಳು ಕಂಡವು. ಅದನ್ನು ಯಾರೂ ಅನುಕರಿಸಬೇಕಿಲ್ಲ. 1975ರಲ್ಲಿ ಜಗದ್ಗುರು ಆರನೇ ಪೌಲರು ಆತನನ್ನು ಪೂಜ್ಯನೆಂದು ಸಾರಿದರು. ಡಬ್ಲಿನ್ನಿನ ಲೂರ್ದು ಮಾತೆಯ ದೇವಾಲಯದಲ್ಲಿ ಆತನ ಸಮಾಧಿಯಿದೆ. ಕುಡುಕರ ತಾಯಂದಿರೂ ಹೆಂಡಿರೂ ಅಲ್ಲಿಗೆ ಬಂದು ಮೊಣಕಾಲೂರುತ್ತಾರೆ.