ಸೊಳ್ಳೆಯ ಹೊಟ್ಟೆ ನೋಡಿದ ಡಾಕ್ಟರು

ರೊನಾಲ್ಡ್ ರಾಸ್ ಅವರು 1857ರಲ್ಲಿ ಹಿಮಾಲಯದ ಅಲ್ಮೋರಾದಲ್ಲಿ ಜನಿಸಿದರು. ಮಿಲಿಟರಿ ಡಾಕ್ಟರಾಗಿ 1883ರಲ್ಲಿ ನಮ್ಮ ಬೆಂಗಳೂರಲ್ಲೂ ಇದ್ದರು. ಮನೇಲಿ ಸೊಳ್ಳೆ ಕಾಟ. ಹುಡುಕಿದರೆ ಹೊರಗಿನ ನೀರಿನ ತೊಟ್ಟೀಲೇ ಮರಿಗಳು! ಚೆಲ್ಲಿಸಿದರು, ಕಾಟ ಕಮ್ಮಿಯಾಯ್ತು.

ಆಗ ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ, ಸೊಳ್ಳೆಗೆ ಒಂದಾಣೆಯಂತೆ ಕೊಟ್ಟು ಕಚ್ಚಿಸಿದರು. ಆಗಸ್ಟ್ 20ರಂದು ಅಂಥ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡಿತು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಖಾನ್‌ಗೆ ಬರೀ ಆಣೆ, ಪಾಪ! ರಾಸ್ 1932ರಲ್ಲಿ ತೀರಿಕೊಂಡರು.

ಈ ಸೊಳ್ಳೆ ಬಾಲ ಮೇಲೆತ್ತಿ ಕೂರುತ್ತದೆ. ಆದರೆ ಕಚ್ಚಿದ ಗಂಟು ನೋಡಿ ಏನೂ ಗೊತ್ತಾಗಲ್ಲ. ನನ್ನ ತಮ್ಮಂಗೆ ಚಳಿಜ್ವರ ಬಂದಾಗ ದೃಷ್ಟಿ ಅಂದ್ಕೊಂಡು ನಾಲ್ಕು ದಿನ ಕಳೆದ್ವಿ. ರಕ್ತ ಪರೀಕ್ಷೆ ಮಾಡಿದ ಮೇಲೇ ಮಲೇರಿಯಾ ಅಂತ ತಿಳಿದು ಮಾತ್ರೆ ಕೊಟ್ಟರು.

ಮೊನ್ನೆ ನಮ್ಮ ಹಿತ್ತಲ ಕಲ್ಲುತೊಟ್ಟಿ ನೋಡಿದೆ. ಅಲ್ಲೂ ಮರಿ ಇದ್ವು. ಚೆಲ್ಲಿಬಿಟ್ಟೆ.