356 ಮೈಲಿ ಓಡಿದ ಸಿಂಹಾಸನ: ಏಳನೆಯ ನಿಜಾಮರ ಕಾರುಗಳ ಕಥೆ

ಕಲಬುರಗಿ: ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿ ಹಳದಿ ಬಣ್ಣದ ಕಾರೊಂದನ್ನು ನೋಡದೆ ಮರಳುವುದಿಲ್ಲ. ಅದು ರೋಲ್ಸ್ ರಾಯ್ಸ್ ಕಂಪೆನಿಯ ಸಿಲ್ವರ್ ಘೋಸ್ಟ್. ನೆತ್ತಿಯ ಮೇಲೆ ಗುಮ್ಮಟ, ಒಳಗೆ ಎತ್ತರದ ಸಿಂಹಾಸನದಂಥ ಆಸನ. ಅರ್ಧ ಶತಮಾನದಲ್ಲಿ ಅದು ಓಡಿದ್ದು ಕೇವಲ 356 ಮೈಲಿ ಎನ್ನಲಾಗುತ್ತದೆ. ಅದರ ಒಡೆಯರು ಹೈದರಾಬಾದ್ ಸಂಸ್ಥಾನದ ಏಳನೆಯ ಹಾಗೂ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಆಳಂದ, ಅಫಜಲಪುರ, ಜೇವರ್ಗಿಗಳು 1948ರವರೆಗೆ ಅವರ ಆಳ್ವಿಕೆಯಲ್ಲಿದ್ದವು.

ಹಳೆಯ ಕಾರುಗಳಲ್ಲಿ ಯಾವುದಕ್ಕೆ ಮುಂದೆ ಬೆಲೆ ಬಂದೀತು ಎಂಬ ಚರ್ಚೆ ವಾಹನಪ್ರಿಯರಲ್ಲಿ ಇಂದಿಗೂ ಮುಗಿದಿಲ್ಲ. ಅದಕ್ಕೆ ಈ ದೊರೆಯ ಬದುಕಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಪಟ್ಟದ ಜೊತೆಗೆ ಬಂದ ಕಾರು

ಉಸ್ಮಾನ್ ಅಲಿ ಖಾನ್ ಜನಿಸಿದ್ದು 1886ರಲ್ಲಿ. ತಂದೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಧಾರಾಳಿ, ಶೋಕಿಗಾರ. ಸಿಲ್ವರ್ ಘೋಸ್ಟ್ ಕಾರನ್ನು ಲಂಡನ್ನಿನಿಂದ ತರಿಸಲು ಹೇಳಿದವರು ಅವರೇ. ಆದರೆ ಬಾರ್ಕರ್ ಕಂಪೆನಿ ಅದರ ಮೈಕಟ್ಟು ಮುಗಿಸಿ ಕಳುಹಿಸುವ ಮುನ್ನವೇ, 1911ರ ಆಗಸ್ಟ್ 29ರಂದು, ಅವರು ತೀರಿಕೊಂಡರು. ಇಪ್ಪತ್ತೈದು ವರ್ಷದ ಮಗನಿಗೆ ಪಟ್ಟವೂ ಬಂತು, ಕಾರೂ ಬಂತು.

ಮೆರವಣಿಗೆಯಲ್ಲಿ ಆನೆಯ ಅಂಬಾರಿ ಮಾಡುತ್ತಿದ್ದ ಕೆಲಸವನ್ನು ಮಾಡಲು ಬಂದ ವಾಹನವದು. ವಿಶೇಷ ಸಂದರ್ಭಗಳಲ್ಲಿ ಮಾತ್ರ ಹೊರಬರುತ್ತಿತ್ತು, ಮತ್ತೆ ಒಳಸೇರುತ್ತಿತ್ತು. ಮೈಲಿ ಲೆಕ್ಕ ಅಷ್ಟು ಕಡಿಮೆಯಿರುವುದಕ್ಕೆ ಅದೇ ಕಾರಣ.

ಸಿರಿವಂತಿಕೆ ಮತ್ತು ಜಿಪುಣತನ

1937ರ ಫೆಬ್ರುವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿ, ಜಗತ್ತಿನ ಅತಿ ಶ್ರೀಮಂತ ಎಂದು ಪರಿಚಯಿಸಿತು. ಸಂಸ್ಥಾನಕ್ಕೆ ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ರೈಲು ಇದ್ದವು. ತಂದೆಯಿಂದ ಬಂದ ಜೇಕಬ್ ವಜ್ರವನ್ನು ಅವರು ಕಾಗದ ಹಾರದಂತೆ ಇಡುವ ಭಾರವಾಗಿ ಬಳಸುತ್ತಿದ್ದರೆಂಬುದು ಪ್ರಸಿದ್ಧ ಮಾತು.

ಅದೇ ವ್ಯಕ್ತಿ ತೊಡುತ್ತಿದ್ದುದು ಮಾಸಿದ ಶೇರ್ವಾನಿ, ಹಳೆಯ ಟೋಪಿ. ಸೇದುತ್ತಿದ್ದುದು ಅಗ್ಗದ ಚಾರ್ಮಿನಾರ್ ಸಿಗರೇಟು. ಒಳ್ಳೆಯ ಕಾರೊಂದು ಕಣ್ಣಿಗೆ ಬಿದ್ದರೆ, ಅದನ್ನು ನಜರಾನಾ ಆಗಿ ಸ್ವೀಕರಿಸಲು ಪ್ರಭುಗಳು ಸಿದ್ಧರಿದ್ದಾರೆಂಬ ಸಂದೇಶ ಅದರ ಮಾಲೀಕನಿಗೆ ತಲುಪುತ್ತಿತ್ತೆಂದು ಆ ಕಾಲದ ಬ್ರಿಟಿಷ್ ಅಧಿಕಾರಿಗಳ ನೆನಪುಗಳಲ್ಲಿ ಬರುತ್ತದೆ. ಹೀಗೆ ಬಂದ ಕಾರುಗಳು ಗ್ಯಾರೇಜು ಸೇರಿದವು, ಬಹುಪಾಲು ಹೊರಬರಲಿಲ್ಲ. ಅವರು ವಾಸವಿದ್ದ ಕಿಂಗ್ ಕೋಠಿಯ ಅಂಗಳದಲ್ಲಿ ಚಿನ್ನದ ಗಟ್ಟಿ ತುಂಬಿದ ಲಾರಿಗಳು ನಿಂತಲ್ಲೇ ಟೈರು ಕೊಳೆತು ನೆಲಕ್ಕಿಳಿದಿದ್ದವೆಂಬ ಕಥೆಯೂ ಉಂಟು.

ಜನರ ಪಾಲಿಗೆ ಬಸ್ಸು

ದೊರೆಯನ್ನು ಜಿಪುಣತನದಿಂದ ಮಾತ್ರ ಅಳೆಯುವುದು ನ್ಯಾಯವಲ್ಲ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ, ಬಳಿಕ ಹೈಕೋರ್ಟು, ದೊಡ್ಡಾಸ್ಪತ್ರೆ, ಉಸ್ಮಾನ್ ಸಾಗರ, ಹಿಮಾಯತ್ ಸಾಗರ, ನಿಜಾಮ್ ಸಾಗರಗಳು ಅವರ ಕಾಲದ ಕೆಲಸಗಳು. 1932ರಲ್ಲಿ ನಿಜಾಮ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಮೊದಲಿಗೆ ಇದ್ದುದು 27 ಬಸ್ಸುಗಳು, 166 ನೌಕರರು. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಸಂಸ್ಥಾನದ ರಸ್ತೆಗಿಳಿದವು. ಮುಂದೆ ಆಂಧ್ರದ ಸರ್ಕಾರಿ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ಉಳಿದುಬಂದ ಝಡ್ ಅಕ್ಷರ ನಿಜಾಮರ ತಾಯಿ ಜಹ್ರಾ ಬೇಗಂ ನೆನಪಿನದೆಂಬ ಪ್ರತೀತಿಯಿದೆ.

ಆ ಇಲಾಖೆಯ ಕನ್ನಡ ಭಾಗ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿನ ಸಾರಿಗೆಯೊಂದಿಗೆ ಬೆರೆಯಿತು. 2000ರಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ ರೂಪುಗೊಂಡಿತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ಆಳಂದದ ಲಾಡ್ಲೆ ಮಶಾಯಖ್ ದರ್ಗಾಕ್ಕೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಇಂದು ಹೊರಡುವ ಬಸ್ಸಿಗೂ ಆ 27 ಬಸ್ಸುಗಳಿಗೂ ಹೀಗೊಂದು ನಂಟಿದೆ.

ಮರೆಯಲಾಗದ 1948

ಈ ಮೂರು ತಾಲ್ಲೂಕುಗಳಲ್ಲಿ ನಿಜಾಮರ ಹೆಸರು ಬೇರೆ ನೆನಪುಗಳನ್ನೂ ತರುತ್ತದೆ. ಉರ್ದು ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆಯಾಗಿದ್ದಾಗ ಕನ್ನಡ ಶಾಲೆಗಳು ಸೊರಗಿದವು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಹಳ್ಳಿಗೆ ಹಬ್ಬಿತು. ಗಡಿಯ ಊರುಗಳ ಜನ ಸೊಲ್ಲಾಪುರ, ವಿಜಾಪುರದ ಕಡೆಗೆ ಗುಳೆ ಹೊರಟರು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಸೇನಾ ಕಾರ್ಯಾಚರಣೆ ನಿಜಾಮರ ಶರಣಾಗತಿಯೊಂದಿಗೆ 17ರಂದು ಮುಗಿಯಿತು. ಅನಂತರದ ದಿನಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪಂಡಿತ್ ಸುಂದರಲಾಲ್ ಸಮಿತಿ ದಾಖಲಿಸಿತು. ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು. ನೋವು ಎರಡೂ ಕಡೆಯದು.

ಉಸ್ಮಾನ್ ಅಲಿ ಖಾನ್ 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. 1967ರ ಫೆಬ್ರುವರಿ 24ರಂದು ಕಿಂಗ್ ಕೋಠಿಯಲ್ಲಿ ನಿಧನರಾದರು.

ಧೂಳು ತಿಂದ ಸಂಪತ್ತು

ಉತ್ತರಾಧಿಕಾರ ಬಂದದ್ದು ಮೊಮ್ಮಗ ಮುಕರ್ರಮ್ ಜಾ ಅವರಿಗೆ. ಎಂಜಿನ್ನುಗಳೆಂದರೆ ಪ್ರಾಣವಾಗಿದ್ದ ಅವರಿಗೆ ಸಿಕ್ಕಿದ್ದು ಸುಮಾರು 60 ಕಾರುಗಳಿದ್ದ ಗ್ಯಾರೇಜು. ಅವುಗಳಲ್ಲಿ ಓಡುತ್ತಿದ್ದವು ನಾಲ್ಕೇ ಎಂದು ಅವರ ಕುಟುಂಬದ ಚರಿತ್ರೆ ಬರೆದವರು ಹೇಳುತ್ತಾರೆ. ಓಡದ ಕಾರುಗಳ ಹೆಸರಿನಲ್ಲಿ ಪೆಟ್ರೋಲು, ಬಿಡಿಭಾಗಗಳ ಖರ್ಚು ಮಾತ್ರ ನಡೆಯುತ್ತಲೇ ಇತ್ತು. 1971ರಲ್ಲಿ ರಾಜಧನ ರದ್ದಾಯಿತು. ಮುಕರ್ರಮ್ ಜಾ ಆಸ್ಟ್ರೇಲಿಯಾದ ಕುರಿ ಸಾಕಣೆಯ ಜಮೀನಿಗೆ ಹೋಗಿ ನೆಲೆಸಿದರು. 2023ರಲ್ಲಿ ಟರ್ಕಿಯಲ್ಲಿ ತೀರಿಕೊಂಡರು.

ವಜ್ರಾಭರಣಗಳ ಗತಿ ಬೇರೆಯಾಯಿತು. ದೀರ್ಘ ವ್ಯಾಜ್ಯದ ಬಳಿಕ 1995ರಲ್ಲಿ ಭಾರತ ಸರ್ಕಾರ 173 ಆಭರಣಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಖರೀದಿಸಿತು. ವಜ್ರವನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೂ ಅದು ಕೆಡುವುದಿಲ್ಲ. ಕಾರು ಹಾಗಲ್ಲ. ರಬ್ಬರು ಬಿರಿಯುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ, ಎಂಜಿನ್ನು ಕಚ್ಚಿಕೊಳ್ಳುತ್ತದೆ.

2000ದ ದಶಕದಲ್ಲಿ ರಾಜಕುಮಾರಿ ಎಸ್ರಾ ಅವರ ಮುಂದಾಳತ್ವದಲ್ಲಿ ಚೌಮಹಲ್ಲಾ ಅರಮನೆಯ ಜೀರ್ಣೋದ್ಧಾರ ನಡೆಯಿತು. 2010ರಲ್ಲಿ ಅದಕ್ಕೆ ಯುನೆಸ್ಕೋದ ಪರಂಪರೆ ಸಂರಕ್ಷಣಾ ಪ್ರಶಸ್ತಿ ಬಂತು. ಸಿಲ್ವರ್ ಘೋಸ್ಟ್ ಕಾರಿಗೂ ಅಮೆರಿಕದ ಬ್ಯೂಕ್, ಪ್ಯಾಕಾರ್ಡ್ ಕಾರುಗಳಿಗೂ ಅಲ್ಲಿ ಜಾಗ ದೊರೆಯಿತು.

ನಾಳಿನ ಬೆಲೆ ಯಾವುದಕ್ಕೆ?

ಅರಸರ ಕಾಲದ ಕಾರುಗಳಿಗೆ ಮಾತ್ರ ನಿಜವಾದ ಬೆಲೆ ಎಂಬುದು ಒಂದು ಪಕ್ಷ. ಅಮೆರಿಕದಲ್ಲಿ 1960ರ ದಶಕದಲ್ಲಿ ಸಾಮಾನ್ಯ ಕಾರಿಗೆ ಭಾರಿ ಎಂಜಿನ್ನು ಕೂರಿಸಿ ಯುವಕರಿಗೆಂದು ಮಾರಿದ ಮಸಲ್ ಕಾರುಗಳತ್ತ ಇನ್ನೊಂದು ಪಕ್ಷ ಬೆರಳು ತೋರಿಸುತ್ತದೆ. 1971ರ ಪ್ಲಿಮತ್ ಹೆಮಿ ಕೂಡಾ ತೆರೆದ ಕಾರೊಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಆದರೆ ಅವುಗಳನ್ನು ಹರೆಯದಲ್ಲಿ ಕಂಡು ಆಸೆಪಟ್ಟವರಿಗೆ ಈಗ ವಯಸ್ಸಾಗಿದೆ. ಮುಂದಿನ ತಲೆಮಾರಿಗೆ ಅದೇ ಆಸೆ ಇರುತ್ತದೆಯೇ ಎಂಬುದೇ ಚರ್ಚೆಯ ತಿರುಳು. 2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಿಡರ್ ಕಾರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಚಾಸಿ, ಎಂಜಿನ್ನು, ಮೈಕಟ್ಟು ಹೆಚ್ಚು ಬದಲಾಗದ ವಾಹನಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಕಾನೂನು ಕೂಡ ಕೇಳುವುದು ಮೂಲರೂಪ ಉಳಿದಿದೆಯೇ ಎಂಬುದನ್ನು.

ಉಸ್ಮಾನ್ ಅಲಿ ಖಾನರ ಬದುಕು ಹೇಳುವುದೂ ಅದನ್ನೇ. ಕೂಡಿಡುವುದು ಬೇರೆ, ಕಾಪಾಡುವುದು ಬೇರೆ. ಅವರ ಗ್ಯಾರೇಜಿನಲ್ಲಿ ಬೆಲೆಬಾಳುವ ಕಾರುಗಳಿಗೆ ಕೊರತೆ ಇರಲಿಲ್ಲ. ಅವನ್ನು ನೋಡಿಕೊಳ್ಳುವ ಕೈಗಳಿರಲಿಲ್ಲ. ಹೆಸರಾಂತ ಕಾರೇ ಆಗಲಿ, ಜೇವರ್ಗಿಯ ಹೊಲಮನೆಯ ಹಳೆಯ ಜೀಪೇ ಆಗಲಿ, ಅದರ ಕಾಗದಪತ್ರ, ಮೂಲ ಎಂಜಿನ್ನು ಮತ್ತು ಅದನ್ನು ಬಲ್ಲ ಮೆಕ್ಯಾನಿಕ್ ಉಳಿದರೆ ಮಾತ್ರ ಅದು ನಾಳೆಗೂ ಉಳಿದೀತು.