ತಾಯಿಯಾಗಿ ನಿಂತ ರಾಣಿ: ಕೆಳದಿಯ ಚೆನ್ನಮ್ಮಾಜಿ

ಶಿವಮೊಗ್ಗ ನಗರಕ್ಕೆ ಹೋದವರು ಕೋಟೆ ಪ್ರದೇಶದಲ್ಲಿರುವ ಶಿವಪ್ಪನಾಯಕನ ಅರಮನೆಯನ್ನು ನೋಡಿಯೇ ಇರುತ್ತಾರೆ. ಭದ್ರಾವತಿಯಿಂದ ಇನ್ನೂ ಮುಂದೆ ಹೋದರೆ ಚನ್ನಗಿರಿ ಸಿಗುತ್ತದೆ. ಅರಮನೆಗೆ ಮಾವನ ಹೆಸರು. ಊರಿಗೆ ಸೊಸೆಯ ಹೆಸರು ಎಂದು ಅಲ್ಲಿಯ ಜನ ಹೇಳುತ್ತಾರೆ. ಆ ಸೊಸೆಯೇ ಕೆಳದಿಯ ರಾಣಿ ಚೆನ್ನಮ್ಮ. ಇವಳನ್ನು ಕಿತ್ತೂರಿನ ಚೆನ್ನಮ್ಮನೆಂದು ತಪ್ಪು ತಿಳಿಯುವವರು ಇಂದಿಗೂ ಇದ್ದಾರೆ. ಕಿತ್ತೂರಿನ ರಾಣಿ ಬ್ರಿಟಿಷರ ವಿರುದ್ಧ ಹೋರಾಡಿದ್ದು 1824ರಲ್ಲಿ. ನಮ್ಮ ಈ ಚೆನ್ನಮ್ಮಾಜಿ ಅವಳಿಗಿಂತ ಸುಮಾರು ನೂರೈವತ್ತು ವರ್ಷ ಹಿಂದಿನವಳು.

ಸಿದ್ದಪ್ಪ ಶೆಟ್ಟಿ ಎಂಬ ವರ್ತಕನ ಮಗಳು ಆಕೆ. ರಾಜಮನೆತನದಲ್ಲಿ ಹುಟ್ಟಿದವಳಲ್ಲ. ಶಿವಪ್ಪನಾಯಕನ ಮಗ ಸೋಮಶೇಖರನಾಯಕ ಆಕೆಯನ್ನು ಜಾತ್ರೆಯಲ್ಲಿ ಕಂಡು, ಮೆಚ್ಚಿ, 1667ರಲ್ಲಿ ಮದುವೆಯಾದ ಎಂದು ಹೇಳುತ್ತಾರೆ. ಮೊದಲಿಗೆ ಸಂಸಾರ ಸುಖವಾಗಿಯೇ ಇತ್ತು. ಆಮೇಲೆ ಕಲಾವತಿ ಎಂಬ ನರ್ತಕಿಯ ಸಹವಾಸ, ಅವಳ ಕಡೆಯವರ ಮದ್ದು ಮಾಯೆಗಳು ರಾಜನನ್ನು ಕೆಡಿಸಿದವು. ಆತ ರೋಗಿಯಾದ, ಬುದ್ಧಿಯ ಸ್ಥಿಮಿತವನ್ನೂ ಕಳೆದುಕೊಂಡ. ಮನೆಗೆ ಬಾ ಎಂದು ಕರೆಯಲು ಚೆನ್ನಮ್ಮ ಅಭಿಮಾನ ಬಿಟ್ಟು ಆತನಿದ್ದಲ್ಲಿಗೇ ಹೋದಳಂತೆ. ಆತ ಬರಲಿಲ್ಲ. ಇಂತಹ ನೋವು ಅರಮನೆಯಲ್ಲಿ ಮಾತ್ರ ಇರುವುದಲ್ಲ ಎಂಬುದು ಮನೆಮನೆ ಭೇಟಿ ಮಾಡುವ ನಮ್ಮ ಧರ್ಮಕೇಂದ್ರಗಳ ಸೇವಕರಿಗೆ ಚೆನ್ನಾಗಿ ಗೊತ್ತು.

ಸಿಂಹಾಸನಕ್ಕೆ ಹಕ್ಕುದಾರ ಮಗುವಿಲ್ಲ, ರಾಜನಿಗೆ ಆರೋಗ್ಯವಿಲ್ಲ. ಸುತ್ತ ಇದ್ದವರು ತಮ್ಮ ತಮ್ಮ ಕಡೆಯ ಹುಡುಗರನ್ನು ಮುಂದೆ ತರಲು ಪೈಪೋಟಿ ನಡೆಸಿದರು. ಬಿಜಾಪುರದ ಸೈನ್ಯವೂ ಗಡಿ ದಾಟಿ ಬಂತು. ಈ ಗದ್ದಲದಲ್ಲಿ 1671ರಲ್ಲಿ ಸೋಮಶೇಖರನಾಯಕನ ಕೊಲೆಯಾಯಿತು. ಚೆನ್ನಮ್ಮ ಅಳುತ್ತಾ ಕೂರಲಿಲ್ಲ. ರಾಜಧಾನಿ ಬಿದನೂರು ಕೈತಪ್ಪುವ ಸ್ಥಿತಿ ಬಂದಾಗ ಭುವನಗಿರಿ ದುರ್ಗಕ್ಕೆ ಹೋಗಿ ಸೇನೆಯನ್ನು ಕೂಡಿಸಿದಳು. ತೀರ್ಥಹಳ್ಳಿ ತಾಲೂಕಿನಲ್ಲಿರುವ ಇಂದಿನ ಕವಲೇದುರ್ಗವೇ ಅದು. ಕಾಡು ದಾರಿಗಳನ್ನು ಬಲ್ಲ ಮಲೆನಾಡಿನ ಜನ ಆಕೆಯ ಜೊತೆ ನಿಂತರು. ರಾಜ್ಯ ಉಳಿಯಿತು.

ಇಷ್ಟಾದ ಮೇಲೆ ತನ್ನವರೆನ್ನುವವರು ಆಕೆಗೆ ಬೇಕಿತ್ತು. ವರ್ತಕ ಮನೆತನದ ಬಸಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಳು. ಹೆತ್ತ ಮಗನಲ್ಲ, ಆದರೂ ಸುಮಾರು 25 ವರ್ಷ ಆಕೆ ಮಾಡಿದ ಯುದ್ಧಗಳು, ಬರೆಸಿದ ಒಪ್ಪಂದಗಳು ಎಲ್ಲವೂ ಈ ಹುಡುಗನಿಗಾಗಿ ಮನೆಯನ್ನು ಉಳಿಸಿಡುವ ಕೆಲಸವೇ ಆಗಿತ್ತು ಎಂದು ನನಗೆ ಅನಿಸುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯದೊಡನೆಯೂ ಆಕೆ ಸೆಣಸಬೇಕಾಯಿತು.

1689ರಲ್ಲಿ ಆಕೆಯ ಬಾಗಿಲಿಗೆ ಇನ್ನೊಬ್ಬ ಹುಡುಗ ಬಂದ. ಛತ್ರಪತಿ ಶಿವಾಜಿಯ ಮಗ ರಾಜಾರಾಮ. ವಯಸ್ಸು 19. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಅಣ್ಣ ಸಂಭಾಜಿಯನ್ನು ಔರಂಗಜೇಬ ಅದೇ ವರ್ಷ ಕೊಲ್ಲಿಸಿದ್ದ. ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿ ಕೋಟೆಗೆ ಹೊರಟ ಆತನಿಗೆ ಚೆನ್ನಮ್ಮನ ನಾಡನ್ನು ದಾಟಬೇಕಿತ್ತು. ಮೊಗಲ ಚಕ್ರವರ್ತಿಯ ಕೋಪಕ್ಕೆ ಹೆದರಿ ಬಾಗಿಲು ಮುಚ್ಚಿದ್ದರೆ ಯಾರೂ ಆಕೆಯನ್ನು ದೂರುತ್ತಿರಲಿಲ್ಲ. ಆಕೆ ಆಶ್ರಯ ಕೊಟ್ಟು, ಸುರಕ್ಷಿತವಾಗಿ ದಾಟಿಸಿ ಕಳಿಸಿದಳು. ಮೊಗಲ ಸೈನ್ಯ ಬಂದೇ ಬಂತು. ಮಲೆನಾಡಿನ ಮಳೆ, ಕಾಡುಗಳೇ ಶತ್ರುವನ್ನು ಸೋಲಿಸಿದವೆಂದು ನಮ್ಮ ಕಡೆಯ ಕಥೆ. ಮರಾಠರ ನೆರವಿನಿಂದ, ಕೊನೆಗೆ ಸ್ವಲ್ಪ ಹಣ ತೆತ್ತು ಸಂಧಿಯಾಯಿತೆಂದು ಇತಿಹಾಸಕಾರರ ಬರಹ. ಹಣ ತೆತ್ತದ್ದು ನಿಜವಾದರೂ ನನಗೆ ಆಕೆಯ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ಹುಡುಗ ಜಿಂಜಿ ಸೇರಿದ್ದ.

ಕರಾವಳಿಯ ನಾವು ಆಕೆಯನ್ನು ನೆನೆಯಲು ಬೇರೆ ಕಾರಣವೂ ಇದೆ. ಆಗ ಕೆನರಾ ಕರಾವಳಿ ಕೆಳದಿಯ ಅಧೀನದಲ್ಲಿತ್ತು. ಘಟ್ಟದಿಂದ ಇಳಿದ ಕಾಳುಮೆಣಸು, ಗದ್ದೆಗಳ ಅಕ್ಕಿ ನಮ್ಮ ಬಂದರುಗಳಿಂದ ಹಡಗೇರುತ್ತಿದ್ದವು. ಪೋರ್ಚುಗೀಸರೊಡನೆ ವ್ಯಾಪಾರದ ಒಪ್ಪಂದ ಮಾಡಿಕೊಂಡ ಚೆನ್ನಮ್ಮ ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಕೊಟ್ಟಳು. ಸಂತ ಜೋಸೆಫ್ ವಾಜ್ ಅವರು 1681ರಿಂದ 1684ರ ತನಕ ಕೆನರಾದಲ್ಲಿ ಸೇವೆ ಸಲ್ಲಿಸಿ, ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿಗಳ ಕ್ರೈಸ್ತರನ್ನು ಸಂದರ್ಶಿಸಿದ್ದು ಈ ರಾಣಿಯ ಆಳ್ವಿಕೆಯಲ್ಲೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ವಾಜ್ ಅವರನ್ನು ಸಂತರೆಂದು ಘೋಷಿಸಿದಾಗ ನಾವೆಲ್ಲ ಸಂಭ್ರಮಿಸಿದೆವು. ಆ ಪಾದ್ರಿಯವರು ನಡೆದಾಡಿದ ನೆಲ ಯಾರದ್ದಾಗಿತ್ತು ಎಂಬುದನ್ನು ಮಾತ್ರ ಹೆಚ್ಚು ಜನ ಕೇಳಲಿಲ್ಲ. ಮೆಣಸಿನ ಲಾಭಕ್ಕಾಗಿ ಕೊಟ್ಟ ಅನುಮತಿ ಎಂದು ಬೇಕಾದರೆ ಹೇಳಬಹುದು, ಲಾಭವೂ ಇತ್ತು. ಆದರೆ ವೀರಶೈವ ರಾಣಿಯೊಬ್ಬಳು ತನ್ನ ನಾಡಿನಲ್ಲಿ ನಮ್ಮ ಹಿರಿಯರ ಪ್ರಾರ್ಥನೆಗೆ ಜಾಗ ಕೊಟ್ಟದ್ದೂ ಅಷ್ಟೇ ನಿಜ.

1696ರ ಹೊತ್ತಿಗೆ ಚೆನ್ನಮ್ಮಾಜಿ ತೀರಿಕೊಂಡಳು. ಬಿದನೂರು, ಅಂದರೆ ಇಂದಿನ ನಗರ, ಶಿವಮೊಗ್ಗದಿಂದ ಕುಂದಾಪುರಕ್ಕೆ ಹುಲಿಕಲ್ ಘಾಟಿಯ ಮೂಲಕ ಬರುವ ದಾರಿಯಲ್ಲಿದೆ. ಆಕೆಯ ಸಮಾಧಿ ಅಲ್ಲಿಯ ಕೊಪ್ಪಲು ಮಠದಲ್ಲಿದೆ. ಬಸ್ಸಿನಲ್ಲಿ ಕೋಟೆ ನೋಡುತ್ತಾ ಹೋಗುವವರು ಇಳಿಯುವುದು ಅಪರೂಪ.

ದತ್ತು ಮಗ ಬಸಪ್ಪನಾಯಕ 1714ರವರೆಗೆ ಆಳಿದ. ಯುದ್ಧಗಳ ನಡುವೆ ಬೆಳೆದ ಈ ಹುಡುಗ ವಿದ್ವಾಂಸನಾದ ಎಂಬುದೇ ಆಶ್ಚರ್ಯ! ಆತ ಸಂಸ್ಕೃತದಲ್ಲಿ ಬರೆದ ಶಿವತತ್ತ್ವರತ್ನಾಕರ 108 ತರಂಗಗಳ ದೊಡ್ಡ ವಿಶ್ವಕೋಶ. ರಾಜನೀತಿಯಿಂದ ಹಿಡಿದು ಅಡುಗೆಯ ತನಕ ಅದರಲ್ಲಿ ಎಲ್ಲವೂ ಇದೆ. ತಂದೆಯೊಬ್ಬ ಮಗನಿಗೆ ಹೇಳಿಕೊಡುವ ರೀತಿಯಲ್ಲಿ ಆ ಗ್ರಂಥವನ್ನು ರಚಿಸಿದ್ದಾನೆ. ಕೇಳುವ ಆ ಮಗ ಬಸಪ್ಪನ ಸ್ವಂತ ಮಗನೇ. ಅವನಿಗೆ ಬಸಪ್ಪ ಇಟ್ಟ ಹೆಸರು ಸೋಮಶೇಖರ. ಚೆನ್ನಮ್ಮಾಜಿಯ ಗಂಡನ ಹೆಸರು.